ಊರಿನ ನೀರಿಗೂ ಒಂದು ಜಮಾಖರ್ಚು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಸ್ಥಳೀಯ ಆಡಳಿತದ ಬಗ್ಗೆ ವರ್ಷಕ್ಕೊಂದು ಮಾತು ನಡೆಯಬೇಕೆಂಬುದು ಈ ದತ್ತಿಯ ಆಶಯ. ಈ ಸಲ ನಾನು ಆರಿಸಿಕೊಂಡ ವಿಷಯ ಸ್ವಲ್ಪ ಶುಷ್ಕವೆಂದು ಮೊದಲಿಗೆ ಅನ್ನಿಸಬಹುದು. ತನ್ನ ಊರಿನ ಪರಿಸರವನ್ನು ನೋಡಿಕೊಳ್ಳುವ ವ್ಯವಸ್ಥೆಯೊಂದನ್ನು ಪುರಸಭೆ ತನ್ನ ಕಚೇರಿಯೊಳಗೇ ಹೇಗೆ ಕಟ್ಟಿಕೊಳ್ಳುತ್ತದೆ, ಆ ಕೆಲಸದಲ್ಲಿ ದೂರದೇಶದ ಇನ್ನೊಂದು ಪುರಸಭೆ ಹೇಗೆ ಜೊತೆಯಾಗುತ್ತದೆ ಎಂಬುದು ವಿಷಯ. ಕಡತ, ಠರಾವು, ಕೋಷ್ಟಕಗಳ ಮಾತು. ಆದರೆ ನಮ್ಮ ಕೆರೆಗಳ ಹಣೆಬರಹ ಬರೆಯುವುದು ಈ ಕಡತಗಳೇ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ನಮ್ಮ ನಗರಸಭೆಗಳಲ್ಲಿ ಆಯವ್ಯಯ ಮಂಡನೆ ಹೇಗೆ ನಡೆಯುತ್ತದೆಂದು ನಿಮಗೆಲ್ಲ ಗೊತ್ತು. ಇಷ್ಟು ಕೋಟಿ ಆದಾಯ, ಇಷ್ಟು ಕೋಟಿ ವೆಚ್ಚ, ಇಷ್ಟು ಲಕ್ಷದ ಉಳಿತಾಯ. ಒಂದು ರೂಪಾಯಿ ಹೆಚ್ಚು ಖರ್ಚಾದರೂ ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ, ಸದಸ್ಯರು ಸಭೆಯಲ್ಲಿ ಎದ್ದುನಿಂತು ಕೇಳುತ್ತಾರೆ. ಅದೇ ವರ್ಷ ಊರಿನ ಅಂತರ್ಜಲ ಹತ್ತಡಿ ಕೆಳಗಿಳಿದಿದ್ದರೆ, ಕೆರೆಗೆ ಹೊಸದಾಗಿ ಎರಡು ಚರಂಡಿ ಸೇರಿದ್ದರೆ, ರಸ್ತೆ ಅಗಲೀಕರಣಕ್ಕೆ ಮುನ್ನೂರು ಮರ ಉರುಳಿದ್ದರೆ, ಅದಕ್ಕೆ ಆಕ್ಷೇಪಣೆ ಬರೆಯುವ ಪರಿಶೋಧಕನಿಲ್ಲ. ಹಣದ ಮಿತಿ ಮೀರಿದರೆ ತಪ್ಪು. ನೀರಿನ ಮಿತಿ ಮೀರಿದರೆ ಅದನ್ನು ಬರಗಾಲ ಎನ್ನುತ್ತೇವೆ. ನಾನು ಈ ಹೊತ್ತು ಹೇಳಬೇಕೆಂದಿರುವುದು ಒಂದೇ ಮಾತು. ಊರುಗಳ ನಡುವಿನ ಅಂತಾರಾಷ್ಟ್ರೀಯ ಪಾಲುದಾರಿಕೆ ಯಂತ್ರ ತಂದುಕೊಟ್ಟಾಗಲೋ ಸಾಲ ಕೊಡಿಸಿದಾಗಲೋ ಫಲ ಕೊಡುವುದಕ್ಕಿಂತ, ಪುರಸಭೆಯ ಲೆಕ್ಕದ ಪುಸ್ತಕವನ್ನೂ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನೂ ಬದಲಿಸಿದಾಗ ಹೆಚ್ಚು ಫಲ ಕೊಡುತ್ತದೆ.

ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ನಿದರ್ಶನ ನಾಲ್ಕು ಊರುಗಳ ಒಂದು ಕೂಟ. ಸ್ವೀಡನ್ನಿನ ವೆಕ್ಷೋ, ಇಟಲಿಯ ಬೊಲೋನ್ಯಾ, ಫಿಲಿಪ್ಪೀನ್ಸಿನ ತುಬಿಗೋನ್ ಮತ್ತು ನಮ್ಮ ಪಕ್ಕದ ಗುಂಟೂರು. 2005ರಿಂದ 2007ರವರೆಗೆ, ಐರೋಪ್ಯ ಒಕ್ಕೂಟದ ‘ಏಷ್ಯಾ ಅರ್ಬ್ಸ್’ ಯೋಜನೆಯ ನೆರವಿನಿಂದ, ‘ಇಕೋಬಜೆಟ್’ ಎಂಬ ಪದ್ಧತಿಯನ್ನು ಏಷ್ಯಾದ ಎರಡು ಊರುಗಳಲ್ಲಿ ನೆಲೆಗೊಳಿಸಲು ಇವು ಒಟ್ಟಾದವು. ನಡುವೆ ನಿಂತು ಕೂಡಿಸಿದ ಸಂಸ್ಥೆ ಇಕ್ಲಿ. 1990ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಇನ್ನೂರಕ್ಕೂ ಹೆಚ್ಚು ಸ್ಥಳೀಯ ಸರ್ಕಾರಗಳು ಸೇರಿ ಹುಟ್ಟುಹಾಕಿದ ಸಂಘಟನೆ ಅದು. ಎರಡು ವರ್ಷದ ಬಳಿಕ ವಿಶ್ವಸಂಸ್ಥೆಯ ರಿಯೋ ಪರಿಸರ ಶೃಂಗಸಭೆ ಒಪ್ಪಿದ ‘ಅಜೆಂಡಾ 21’ ಕಾರ್ಯಸೂಚಿಯ 28ನೆಯ ಅಧ್ಯಾಯ ಸ್ಥಳೀಯ ಸಂಸ್ಥೆಗಳಿಗೇ ಮೀಸಲಾಯಿತು. ರಾಷ್ಟ್ರಗಳು ಸಹಿ ಹಾಕಿದ ಮಾತುಗಳು ಕಡೆಗೆ ಚರಂಡಿ, ಕಸ, ಬೀದಿದೀಪಗಳ ಮಟ್ಟದಲ್ಲೇ ನಿಜವಾಗಬೇಕೆಂದು ಆಗಲೇ ಹಲವರು ಕಂಡುಕೊಂಡಿದ್ದರು.

ಇಕೋಬಜೆಟ್ಟಿನ ಒಳಗುಟ್ಟನ್ನು ಬಿಡಿಸಿ ಹೇಳುತ್ತೇನೆ. ಇಡೀ ಉಪನ್ಯಾಸ ನಿಂತಿರುವುದು ಅದರ ಮೇಲೆ.

ಪುರಸಭೆಗೆ ಹಣದ ಆಯವ್ಯಯ ಮಾಡುವುದು ಹೇಗೆಂದು ಗೊತ್ತು. ಇಲಾಖೆಗಳಿಂದ ಅಂದಾಜು ತರಿಸುವುದು, ಕರಡು ಮಾಡುವುದು, ಸಭೆಯಲ್ಲಿ ಮಂಡಿಸುವುದು, ಒಪ್ಪಿಗೆ ಪಡೆಯುವುದು, ವರ್ಷವಿಡೀ ಲೆಕ್ಕ ಇಡುವುದು, ಕೊನೆಗೆ ತಾಳೆ ನೋಡುವುದು, ಪರಿಶೋಧನೆಗೆ ಒಪ್ಪಿಸುವುದು. ಇದು ಎಂಥ ಹಿಂದುಳಿದ ಪುರಸಭೆಯಲ್ಲೂ ನಡೆಯುವ ವಾರ್ಷಿಕ ಸುತ್ತು. ಇಕೋಬಜೆಟ್ ಇದೇ ಸುತ್ತನ್ನು ಹಾಗೆಯೇ ಎತ್ತಿಕೊಂಡು ಪ್ರಕೃತಿಗೆ ಹಚ್ಚುತ್ತದೆ. ಊರಿಗೆ ಮುಖ್ಯವಾದ ನಾಲ್ಕೋ ಆರೋ ಸಂಪತ್ತುಗಳನ್ನು ಆರಿಸುತ್ತಾರೆ: ಕುಡಿಯುವ ನೀರು, ಶುದ್ಧ ಗಾಳಿ, ಕಾಡು, ಫಲವತ್ತಾದ ಮಣ್ಣು ಹೀಗೆ. ಪ್ರತಿಯೊಂದಕ್ಕೂ ಒಂದು ಅಳತೆಗೋಲು. ಆಧಾರ ವರ್ಷದಲ್ಲಿ ಎಷ್ಟಿತ್ತು, ಮುಂದಿನ ವರ್ಷಕ್ಕೆ ಎಷ್ಟಾಗಬೇಕು, ದೂರದ ಗುರಿ ಏನು ಎಂದು ಮೂರು ಅಂಕಿ. ಈ ಹಾಳೆ ಚುನಾಯಿತ ಸಭೆಯ ಮುಂದೆ ಹೋಗಬೇಕು, ಮತಕ್ಕೆ ಬೀಳಬೇಕು. ವರ್ಷಾಂತ್ಯದಲ್ಲಿ ಎಷ್ಟು ‘ಖರ್ಚಾಯಿತು’, ಮಿತಿಯೊಳಗಿದ್ದೇವೋ ಮೀರಿದ್ದೇವೋ ಎಂಬ ತಖ್ತೆ ಮತ್ತೆ ಅದೇ ಸಭೆಯ ಮುಂದೆ ಬರಬೇಕು.

ಇಲ್ಲಿ ನನಗೆ ಬಹಳ ಹಿಡಿಸಿದ ಅಂಶ ಒಂದಿದೆ. ಈ ಲೆಕ್ಕದಲ್ಲಿ ರೂಪಾಯಿ ಇಲ್ಲ. ಕಾಡಿಗೆ ಬೆಲೆ ಕಟ್ಟುವುದಿಲ್ಲ, ಕೆರೆಯನ್ನು ಕೋಟಿಗೆ ಪರಿವರ್ತಿಸುವುದಿಲ್ಲ. ನೀರನ್ನು ಲೀಟರಿನಲ್ಲೇ, ಕಸವನ್ನು ಟನ್ನಿನಲ್ಲೇ, ಕಾಡನ್ನು ಹೆಕ್ಟೇರಿನಲ್ಲೇ ಅಳೆಯುತ್ತಾರೆ. ಬೆಲೆ ಕಟ್ಟಿದ ಕೂಡಲೇ ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ಆಸೆ ಹುಟ್ಟುತ್ತದೆ. ಕೆರೆಯ ಬೆಲೆ ಐವತ್ತು ಕೋಟಿ, ಅದರ ಮೇಲೆ ಕಟ್ಟುವ ಬಸ್ ನಿಲ್ದಾಣದ ಆದಾಯ ಎಪ್ಪತ್ತು ಕೋಟಿ ಎಂದರೆ ವಾದ ಅಲ್ಲಿಗೆ ಮುಗಿಯಿತು. ಹೆಕ್ಟೇರನ್ನು ಹೆಕ್ಟೇರಾಗಿಯೇ ಉಳಿಸಿದರೆ ಆ ವಾದಕ್ಕೆ ದಾರಿ ಸಿಗುವುದಿಲ್ಲ. ಪ್ರಕೃತಿಗೆ ಬೆಲೆ ಕಟ್ಟಿದರೆ ಮಾತ್ರ ಅಧಿಕಾರಿಗಳಿಗೆ ಅರ್ಥವಾಗುತ್ತದೆ ಎನ್ನುವವರಿದ್ದಾರೆ, ಅವರಲ್ಲಿ ದೊಡ್ಡ ವಿದ್ವಾಂಸರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬಿಲ್‌ ಕಲೆಕ್ಟರನಿಗೂ ವಾಟರ್‌ಮನ್ನನಿಗೂ ಲೀಟರು ರೂಪಾಯಿಯಷ್ಟೇ ಚೆನ್ನಾಗಿ ಅರ್ಥವಾಗುತ್ತದೆ.

ಪದ್ಧತಿ ರೂಪುಗೊಂಡದ್ದು ಜರ್ಮನಿಯಲ್ಲಿ. 1990ರ ದಶಕದ ಉತ್ತರಾರ್ಧದಲ್ಲಿ ಹೈಡೆಲ್‌ಬರ್ಗ್, ಬೀಲೆಫೆಲ್ಡ್, ಡ್ರೆಸ್ಡೆನ್ ಮತ್ತು ನಾರ್ಡ್‌ಹೌಸೆನ್ ಜಿಲ್ಲೆ ಇದನ್ನು ಪ್ರಯೋಗಿಸಿ ನೋಡಿದವು. ಆಮೇಲೆ 2001ರಿಂದ 2004ರವರೆಗೆ ಯುರೋಪಿನ ಇನ್ನಷ್ಟು ಊರುಗಳು ಕೈಹಾಕಿದವು. ಅವುಗಳಲ್ಲಿ ವೆಕ್ಷೋ ಮತ್ತು ಬೊಲೋನ್ಯಾ ಎರಡು. ಹೀಗೆ ಏಷ್ಯಾಕ್ಕೆ ಬರುವ ಹೊತ್ತಿಗೆ ಹೇಳಿಕೊಡುವವರು ತಾವೇ ನಿನ್ನೆ ಮೊನ್ನೆ ಕಲಿತವರಾಗಿದ್ದರು. ಇದೊಂದು ಅನುಕೂಲ. ಸಲಹೆಗಾರ ಕಂಪನಿಯ ತಜ್ಞನಿಗೆ ತನ್ನ ವರದಿಯ ಮೇಲೆ ಪ್ರೀತಿ. ಇನ್ನೊಂದು ಪುರಸಭೆಯ ಅಧಿಕಾರಿಗಾದರೋ ಇಲಾಖೆಗಳಿಂದ ಅಂಕಿಅಂಶ ಹೊರಡಿಸುವುದು ಎಷ್ಟು ಕಷ್ಟ, ಸದಸ್ಯರು ಯಾವ ಪುಟದ ಮೇಲೆ ಕಣ್ಣು ಹಾಯಿಸುತ್ತಾರೆ, ಯಾವ ಪುಟವನ್ನು ಮಗುಚಿಹಾಕುತ್ತಾರೆ ಎಂಬುದು ಸ್ವಂತ ಅನುಭವದಿಂದ ಗೊತ್ತು.

ವೆಕ್ಷೋ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಆ ಊರಿನ ಕೆರೆಯ ಕಥೆ ಕನ್ನಡಿಗರು ಕೇಳಲೇಬೇಕಾದದ್ದು. ದಕ್ಷಿಣ ಸ್ವೀಡನ್ನಿನ ಸ್ಮೋಲೆಂಡ್ ಸೀಮೆಯ ಈ ಊರಿನ ಸುತ್ತ ಕಾಡು, ನಡುವೆ ಸರೋವರಗಳು. ಈ ಕೂಟ ಸೇರಿದ ಕಾಲಕ್ಕೆ ಇಡೀ ಪುರಸಭೆಯ ಜನಸಂಖ್ಯೆ ಸುಮಾರು 80 ಸಾವಿರ. ಅಲ್ಲಿನ ಟ್ರುಮ್ಮೆನ್ ಎಂಬ ಸರೋವರಕ್ಕೆ ದಶಕಗಳ ಕಾಲ ಊರಿನ ಕೊಳಚೆ ಮತ್ತು ನಾರಗಸೆ ಕಾರ್ಖಾನೆಯ ಕಲುಷಿತ ನೀರು ಹರಿಯಿತು. 1950ರ ದಶಕದ ಕೊನೆಗೆ ಕೊಳಚೆಯನ್ನು ಬೇರೆಡೆ ತಿರುಗಿಸಿದರು. ಎಲ್ಲರೂ ಅಂದುಕೊಂಡದ್ದು ಇನ್ನು ಕೆರೆ ತಾನಾಗಿಯೇ ತಿಳಿಯಾಗುತ್ತದೆ ಎಂದು. ಹತ್ತು ವರ್ಷ ಕಳೆದರೂ ಆಗಲಿಲ್ಲ. ಬೇಸಗೆಯಲ್ಲಿ ಹಸಿರು ಪಾಚಿ, ಚಳಿಗಾಲದಲ್ಲಿ ಆಮ್ಲಜನಕವಿಲ್ಲದೆ ಸಾಯುವ ಮೀನು. ತಳದಲ್ಲಿ ಕೂತಿದ್ದ ಹೂಳು ತನ್ನೊಳಗಿನ ರಂಜಕವನ್ನು ವರ್ಷ ವರ್ಷವೂ ನೀರಿಗೆ ಬಿಡುತ್ತಲೇ ಇತ್ತು. ಕೆರೆಯನ್ನು ಮುಚ್ಚಿಬಿಡುವ ಮಾತೂ ಬಂತು. ಆಗ ಲುಂಡ್ ವಿಶ್ವವಿದ್ಯಾಲಯದ ಸ್ವೆನ್ ಬ್ಯೋರ್ಕ್ ಮತ್ತವರ ತಂಡ ಸಮಸ್ಯೆಯ ಬೇರು ತಳದ ಹೂಳಿನಲ್ಲಿದೆ ಎಂದು ತೋರಿಸಿತು. 1970 ಮತ್ತು 1971ರಲ್ಲಿ ವರ್ಷಕ್ಕೆ ಅರ್ಧ ಮೀಟರಿನಂತೆ ಮೇಲಿನ ಹೂಳನ್ನು ಹೀರುಗೊಳವೆಯಿಂದ ತೆಗೆದರು. ಹೂಳಿನೊಂದಿಗೆ ಬಂದ ನೀರನ್ನು ಕೊಳಗಳಲ್ಲಿ ನಿಲ್ಲಿಸಿ, ಅಲ್ಯೂಮಿನಿಯಂ ಸಲ್ಫೇಟ್ ಹಾಕಿ ರಂಜಕ ಇಳಿಸಿ, ಆಮೇಲೆ ಕೆರೆಗೆ ಬಿಟ್ಟರು. ಒಣಗಿದ ಹೂಳು ತೋಟಗಳಿಗೆ ಮೇಲ್ಮಣ್ಣಾಯಿತು. ಕೆರೆ ತಿರುಗಿ ಬದುಕಿತು.

ನಾವೂ ಹೂಳೆತ್ತುತ್ತೇವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನು ಜಗತ್ತೇ ನೋಡಿದ ಮೇಲೆ, ಹಸಿರು ನ್ಯಾಯಮಂಡಳಿಯ ಆದೇಶಗಳ ನಡುವೆ, ಅಲ್ಲಿಯೂ ಹೂಳೆತ್ತುವ ಕೆಲಸ ನಡೆಯಿತು. ವೆಕ್ಷೋದಿಂದ ಕಲಿಯಬೇಕಾದದ್ದು ಹೂಳೆತ್ತುವ ವಿದ್ಯೆ ಅಲ್ಲ. ಅಲ್ಲಿ ಕೆಲಸಕ್ಕೆ ಮೊದಲೂ ಆಮೇಲೂ ಅಳತೆ ನಡೆಯಿತು. ರಂಜಕ ಎಷ್ಟಿತ್ತು, ಎಷ್ಟಾಯಿತು, ನೀರಿನೊಳಗೆ ಎಷ್ಟು ಆಳದವರೆಗೆ ಕಣ್ಣು ಹಾಯುತ್ತದೆ ಎಂಬ ಲೆಕ್ಕ ಇತ್ತು. ಅಳೆಯುವ ಅಭ್ಯಾಸ ಇದ್ದ ಊರಿಗೆ ಮುಂದೆ ಪರಿಸರದ ಆಯವ್ಯಯ ಬರೆಯುವುದು ಹೊರೆಯಾಗಲಿಲ್ಲ. 1980ರಲ್ಲಿ ತೈಲ ಬಿಕ್ಕಟ್ಟಿನ ಬಿಸಿಯಲ್ಲಿ ಆ ಊರು ಮನೆಗಳನ್ನು ಬೆಚ್ಚಗಿಡುವ ಸಾಮೂಹಿಕ ಶಾಖಸ್ಥಾವರಕ್ಕೆ ಸುತ್ತಲ ಕಾಡಿನ ಮರದ ಚೂರು ಉರಿಸತೊಡಗಿತು. 1996ರಲ್ಲಿ ಪಳೆಯುಳಿಕೆ ಇಂಧನವನ್ನೇ ತೊರೆಯುವ ಠರಾವನ್ನು ಎಲ್ಲ ಪಕ್ಷಗಳೂ ಒಮ್ಮತದಿಂದ ಪಾಸು ಮಾಡಿದವು. ಎಲ್ಲ ಪಕ್ಷಗಳೂ ಎಂಬುದನ್ನು ಗಮನಿಸಿ. ಅಧಿಕಾರ ಕೈಬದಲಾದಾಗ ಗುರಿ ಬದಲಾಗದಿರಲು ಅದೇ ಕಾರಣ.

ಇಂಥ ಊರು ಗುಂಟೂರಿಗೆ ಏನನ್ನು ಕಲಿಸೀತು? ಚಳಿದೇಶದ ಸಣ್ಣ ಶ್ರೀಮಂತ ಊರೊಂದು, ಬೇಸಗೆಯಲ್ಲಿ ಕಾದು ಕೆಂಡವಾಗುವ, 2001ರ ಜನಗಣತಿಯಲ್ಲೇ ಐದು ಲಕ್ಷ ದಾಟಿದ್ದ ಆಂಧ್ರದ ವ್ಯಾಪಾರಿ ನಗರಕ್ಕೆ? ಗುಂಟೂರು ನಮಗೆ ಗೊತ್ತಿರುವುದು ಮೆಣಸಿನಕಾಯಿಯಿಂದ. ಬ್ಯಾಡಗಿಯ ದಲಾಲರಿಗೆ ಗುಂಟೂರಿನ ದರ ಬೆಳಗಿನ ಮೊದಲ ಸುದ್ದಿ. ಆ ಊರಿನ ತಾಪತ್ರಯಗಳೂ ನಮ್ಮವೇ: ನೀರು, ಕಸ, ಮಾಯವಾಗುತ್ತಿರುವ ನೆರಳು. ಉತ್ತರ ಇಷ್ಟೇ. ವೆಕ್ಷೋ ತನ್ನ ಗುರಿಗಳನ್ನು ಗುಂಟೂರಿಗೆ ಕೊಡಬೇಕಾಗಿರಲಿಲ್ಲ. ಹಾಳೆಯ ಗೆರೆಗಳನ್ನು ಕೊಟ್ಟರೆ ಸಾಕಿತ್ತು. ಯಾವ ಸಾಲಿನಲ್ಲಿ ಏನು ಬರೆಯಬೇಕೆಂಬುದು ಆಯಾ ಊರಿನ ತೀರ್ಮಾನ.

ಇದು ಸ್ಪಷ್ಟವಾಗಿ ಕಾಣುವುದು ತುಬಿಗೋನಿನಲ್ಲಿ. ಬೊಹೋಲ್ ದ್ವೀಪದ ಪಶ್ಚಿಮ ದಡದಲ್ಲಿ, ಸೆಬು ನಗರಕ್ಕೆ ಎದುರಾಗಿ ಇರುವ ಈ ಪುರಸಭೆಯಲ್ಲಿ ಆ ಕಾಲಕ್ಕೆ ಸುಮಾರು 45 ಸಾವಿರ ಜನ. ಹೆಚ್ಚಿನವರು ಬೇಸಾಯಗಾರರು, ಮೀನುಗಾರರು. ನಮ್ಮ ಭಟ್ಕಳ, ಕುಂದಾಪುರಗಳ ಹಾಗೆ. ಅವರ ಪರಿಸರ ಆಯವ್ಯಯದಲ್ಲಿ ಸೇರಿದ ಸಾಲುಗಳನ್ನು ಕೇಳಿ: ಕುಡಿಯಲು ಯೋಗ್ಯವಾದ ನೀರು, ಫಲವತ್ತಾದ ಮಣ್ಣು, ಮರಮಟ್ಟಿನ ಕಾಡು, ಕಾಂಡ್ಲಾವನ, ಸಮುದ್ರಹುಲ್ಲು, ಹವಳದ ದಿಬ್ಬ. ಸ್ವೀಡನ್ನಿನ ಯಾವ ಊರಿನ ಹಾಳೆಯಲ್ಲೂ ಕಾಂಡ್ಲಾ ಬರಲು ಸಾಧ್ಯವಿಲ್ಲ. ತುಬಿಗೋನಿನ ಜನಕ್ಕೆ ಮಾತ್ರ ಮೀನುಮರಿ ಬೆಳೆಯುವುದು ಕಾಂಡ್ಲಾ ಬೇರುಗಳ ನಡುವೆ ಎಂಬುದು ಅಜ್ಜನ ಕಾಲದಿಂದ ಗೊತ್ತು. ಗೊತ್ತಿದ್ದ ಆ ಸಂಗತಿ ಪುರಸಭೆಯ ಠರಾವಿನೊಳಗೆ ಬಂದದ್ದು ಹೊಸತು. ಮರ ಮತ್ತು ಕಾಂಡ್ಲಾ ನೆಡುವುದು, ಹೊಸ ಕಡಲ ಅಭಯತಾಣ, ಕಸ ಬೇರ್ಪಡಿಸುವ ವ್ಯವಸ್ಥೆ, ಎಲ್ಲವೂ ಈ ಆಯವ್ಯಯದ ಅಂಗವಾಗಿ ನಡೆದವು. ಜೀವವೈವಿಧ್ಯದ ಅರ್ಥಶಾಸ್ತ್ರವನ್ನು ಕುರಿತು 2010ರಲ್ಲಿ ಸ್ಥಳೀಯ ಆಡಳಿತಗಾರರಿಗಾಗಿ ಹೊರಬಂದ ‘ಟೀಬ್’ ವರದಿ ತುಬಿಗೋನನ್ನು ಮಾದರಿಯಾಗಿ ಎತ್ತಿ ತೋರಿಸಿತು. ಫಿಲಿಪ್ಪೀನ್ಸಿನ 1991ರ ಸ್ಥಳೀಯ ಸರ್ಕಾರ ಸಂಹಿತೆ ಪುರಸಭೆಗಳಿಗೆ ನಿಜವಾದ ಅಧಿಕಾರ ಕೊಟ್ಟದ್ದು ಇದಕ್ಕೆಲ್ಲ ಬುನಾದಿ. ಅಧಿಕಾರವಿಲ್ಲದ ಪುರಸಭೆಗೆ ಯಾವ ವ್ಯವಸ್ಥೆಯನ್ನು ಕಲಿಸಿಯೂ ಪ್ರಯೋಜನವಿಲ್ಲ.

ತುಬಿಗೋನಿನ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು. 2013ರ ಅಕ್ಟೋಬರ್ 15ರಂದು ಬೊಹೋಲಿನಲ್ಲಿ 7.2 ತೀವ್ರತೆಯ ಭೂಕಂಪವಾಯಿತು. ತುಬಿಗೋನಿಗೆ ಸೇರಿದ ನಾಲ್ಕು ಪುಟ್ಟ ದ್ವೀಪಗಳ ನೆಲ ಕುಸಿಯಿತು. ಅಂದಿನಿಂದ ದೊಡ್ಡ ಭರತ ಬಂದಾಗಲೆಲ್ಲ ಮನೆ, ಶಾಲೆಗಳೊಳಗೆ ಸಮುದ್ರ. ಆದರೂ ಹೆಚ್ಚಿನ ಜನ ದ್ವೀಪ ಬಿಟ್ಟು ಹೋಗಲಿಲ್ಲ. ನೆಲವನ್ನು ಎತ್ತರಿಸಲು ಅವರು ಬಳಸಿದ್ದು ಹವಳದ ಕಲ್ಲನ್ನು. ಪುರಸಭೆಯ ಹಾಳೆಯಲ್ಲಿ ಕಾಪಾಡಬೇಕಾದ ಸಂಪತ್ತೆಂದು ಬರೆದಿದ್ದ ಹವಳ ಅದೇ ಪುರಸಭೆಯ ಬಡವರ ಮನೆಯ ಅಡಿಪಾಯಕ್ಕೆ ಬೇಕಾಯಿತು. ಇದನ್ನು ಪದ್ಧತಿಯ ಸೋಲೆಂದು ನಾನು ಹೇಳುವುದಿಲ್ಲ. ಇಂಥ ಕಠಿಣ ಆಯ್ಕೆ ಬಂದಾಗ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಕಣ್ಣುತೆರೆದು ನೋಡಲು ಲೆಕ್ಕ ಬೇಕು. ಲೆಕ್ಕವಿಲ್ಲದ ಊರುಗಳೂ ಇಂಥ ಆಯ್ಕೆ ಮಾಡುತ್ತಲೇ ಇರುತ್ತವೆ, ಅವಕ್ಕೆ ಗೊತ್ತಾಗುವುದಿಲ್ಲ.

ಈ ನಾಲ್ಕು ಊರುಗಳ ಕೂಟದಿಂದ ಈಗ ಎರಡು ನಗರಗಳ ಒಂದು ಜೋಡಿಯ ಕಡೆ ತಿರುಗುತ್ತೇನೆ: ಜಪಾನಿನ ಕಿಟಾಕ್ಯೂಶು ಮತ್ತು ಇಂಡೊನೇಷ್ಯಾದ ಸುರಬಾಯಾ.

1901ರಲ್ಲಿ ಯವಾಟಾ ಉಕ್ಕಿನ ಕಾರ್ಖಾನೆ ಆರಂಭವಾದಾಗಿನಿಂದ ಜಪಾನಿನ ಕೈಗಾರಿಕೆಗೆ ಆ ಸೀಮೆ ಹೆಬ್ಬಾಗಿಲು. ಅಲ್ಲಿನ ಐದು ಊರುಗಳು 1963ರಲ್ಲಿ ಒಂದಾಗಿ ಕಿಟಾಕ್ಯೂಶು ನಗರವಾದವು. ಬಣ್ಣ ಬಣ್ಣದ ಹೊಗೆಯನ್ನು ಅಭಿವೃದ್ಧಿಯ ಧ್ವಜವೆಂದು ಹೊಗಳುತ್ತಿದ್ದ ಕಾಲ. 1965ರಲ್ಲಿ ಅಲ್ಲಿನ ಶಿರೊಯಾಮಾ ಪ್ರದೇಶದಲ್ಲಿ ತಿಂಗಳಿಗೆ ಚದರ ಕಿಲೋಮೀಟರಿಗೆ ಸರಾಸರಿ 80 ಟನ್ ಮಸಿದೂಳು ಬೀಳುತ್ತಿತ್ತು. ದೊಕಾಯ್ ಕೊಲ್ಲಿಯನ್ನು ಜನ ಸತ್ತ ಸಮುದ್ರ ಎನ್ನುತ್ತಿದ್ದರು. ಇದನ್ನು ಮೊದಲು ಪ್ರಶ್ನಿಸಿದವರು ತೊಬಾಟಾ ಭಾಗದ ಮಹಿಳಾ ಸಂಘಗಳ ಗೃಹಿಣಿಯರು. ಅವರಲ್ಲಿ ಹಲವರ ಗಂಡಂದಿರು ಅದೇ ಕಾರ್ಖಾನೆಗಳ ನೌಕರರು. ಬಾಯಿ ಬಿಟ್ಟರೆ ಅನ್ನಕ್ಕೆ ಕುತ್ತು. ಅವರು ಘೋಷಣೆ ಕೂಗುವ ಮೊದಲು ಅಳೆಯತೊಡಗಿದರು. ಬಟ್ಟೆ ಒಣಹಾಕಿ ಎಷ್ಟು ಮಸಿ ಹತ್ತುತ್ತದೆಂದು ನೋಡಿದರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಂದ ಅಳೆಯುವ ಕ್ರಮ ಕಲಿತರು, ಶಾಲೆಯ ಮಕ್ಕಳ ಗೈರುಹಾಜರಿಯನ್ನು ಮಸಿಯ ಲೆಕ್ಕದೊಂದಿಗೆ ತಾಳೆ ಹಾಕಿದರು. 1965ರಲ್ಲಿ ನೀಲಿ ಆಕಾಶ ಬೇಕೆಂದು ಕೇಳುವ ಒಂದು ಚಲನಚಿತ್ರವನ್ನೂ ತಾವೇ ತೆಗೆದರು. ಆಮೇಲೆ ನಗರಾಡಳಿತ ಎಚ್ಚರಗೊಂಡಿತು, ಕಾರ್ಖಾನೆಗಳೊಂದಿಗೆ ಮಾಲಿನ್ಯ ತಡೆಯ ಒಪ್ಪಂದಗಳಾದವು, ಕೊಲ್ಲಿಯ ತಳದ ವಿಷದ ಹೂಳನ್ನು ತೆಗೆದರು. ಕೊಲ್ಲಿಗೆ ಮೀನು ಮರಳಿತು. 1990ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಆ ನಗರವನ್ನು ‘ಗ್ಲೋಬಲ್ 500’ ಗೌರವಪಟ್ಟಿಗೆ ಸೇರಿಸಿತು.

ಈ ನಗರ ತನ್ನ ಅನುಭವವನ್ನು ಹಂಚಲು 1980ರಲ್ಲೇ ‘ಕಿಟಾ’ ಎಂಬ ತಾಂತ್ರಿಕ ಸಹಕಾರ ಸಂಸ್ಥೆ ಕಟ್ಟಿತ್ತು. ಸುರಬಾಯಾದಲ್ಲಿ 2001ರಲ್ಲಿ ಜನರ ಪ್ರತಿಭಟನೆಯಿಂದ ಕೆಪುತಿಹ್ ಕಸದ ಗುಡ್ಡ ಮುಚ್ಚಿ, ಬೀದಿ ಬೀದಿಯಲ್ಲಿ ಕಸ ಕೊಳೆಯುವ ಸ್ಥಿತಿ ಬಂತು. ಬೆಂಗಳೂರಿನ ಕಸ ಸುರಿಯುತ್ತಿದ್ದ ನಮ್ಮ ಮಾವಳ್ಳಿಪುರ, ಮಂಡೂರುಗಳನ್ನು ನೆನಪಿಸಿಕೊಳ್ಳಿ. 2004ರ ಹೊತ್ತಿಗೆ ಕಿಟಾ ಸಂಸ್ಥೆ ಅಲ್ಲಿನ ಪುಸ್ದಕೋಟಾ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ಕೂಡಿ ಗೊಬ್ಬರ ತಯಾರಿಯ ಪ್ರಯೋಗಕ್ಕೆ ಇಳಿಯಿತು. ಬಂದ ತಜ್ಞರು ಕೋಜಿ ತಕಾಕುರಾ. ಅವರು ಜಪಾನಿನಿಂದ ಯಂತ್ರ ತರಿಸಲಿಲ್ಲ, ಸೂಕ್ಷ್ಮಾಣುಗಳ ಪೊಟ್ಟಣವನ್ನೂ ತರಿಸಲಿಲ್ಲ. ಅಲ್ಲಿನ ಜನ ದಿನವೂ ತಿನ್ನುವ ತೆಂಪೆ, ತಾಪೆಯಂಥ ಹುದುಗು ತಿನಿಸುಗಳಲ್ಲೇ, ಹಣ್ಣಿನ ಸಿಪ್ಪೆಯಲ್ಲೇ ಬೇಕಾದ ಸೂಕ್ಷ್ಮಾಣುಗಳಿವೆಯೆಂದು ಕಂಡುಕೊಂಡು, ಅಕ್ಕಿ ತೌಡು ಮತ್ತು ಭತ್ತದ ಹೊಟ್ಟಿನಲ್ಲಿ ಅವನ್ನು ಬೆಳೆಸಿದರು. ನಮ್ಮ ಅಡುಗೆಮನೆಯ ದೋಸೆಹಿಟ್ಟು ರಾತ್ರಿ ಹುಳಿಬರುವ ಹಾಗೆಯೇ ಈ ಕೆಲಸ. ಬುಟ್ಟಿಯೊಂದರಲ್ಲಿ ಆ ಮಿಶ್ರಣ ತುಂಬಿ, ದಿನದ ತರಕಾರಿ ಸಿಪ್ಪೆ ಹಾಕಿ ಕಲಸಿದರೆ ಒಂದೆರಡು ದಿನದಲ್ಲಿ ಕರಗುತ್ತದೆ, ವಾಸನೆಯಿಲ್ಲ. ನಗರಾಡಳಿತ ಸಾವಿರಾರು ಬುಟ್ಟಿ ಹಂಚಿತು, ಓಣಿ ಓಣಿಯ ಮಹಿಳಾ ಗುಂಪುಗಳು ಕಲಿಸಿಕೊಟ್ಟವು, ಪೇಟೆಗಳ ಪಕ್ಕ ಗೊಬ್ಬರ ಕೇಂದ್ರಗಳು ಬಂದವು. ನಾಲ್ಕೈದು ವರ್ಷಗಳಲ್ಲಿ ಗುಡ್ಡಕ್ಕೆ ಹೋಗುವ ಕಸ ಶೇಕಡ 20ಕ್ಕೂ ಹೆಚ್ಚು ತಗ್ಗಿತು. ಆ ದಿನಗಳಲ್ಲಿ ನಗರದ ಸ್ವಚ್ಛತೆ ಮತ್ತು ಉದ್ಯಾನ ಇಲಾಖೆಯ ಮುಖ್ಯಸ್ಥೆಯಾಗಿದ್ದ ತ್ರಿ ರಿಸ್ಮಹರಿನಿ 2010ರಲ್ಲಿ ಅದೇ ನಗರದ ಮೇಯರ್ ಆದರು. ಕಸದ ಕೆಲಸ ಮಾಡಿದವರನ್ನು ಜನ ಮೇಯರ್ ಗದ್ದುಗೆಗೆ ಏರಿಸಿದರು. 2012ರಲ್ಲಿ ಎರಡೂ ನಗರಗಳು ಹಸಿರು ಸೋದರ ನಗರಗಳ ಒಪ್ಪಂದಕ್ಕೆ ಸಹಿ ಹಾಕಿದವು. ಕ್ರಮವನ್ನು ಗಮನಿಸಿ: ಎಂಟು ವರ್ಷ ಕೆಲಸ ಮೊದಲು, ಸಹಿ ಆಮೇಲೆ. ನಮ್ಮಲ್ಲಿ ಸೋದರ ನಗರ ಒಪ್ಪಂದ ಸಾಮಾನ್ಯವಾಗಿ ಸಹಿಯಿಂದ ಶುರುವಾಗಿ ಹಾರ, ಫೋಟೋಗಳಲ್ಲಿ ಮುಗಿಯುತ್ತದೆ.

ಪ್ರಮಾಣಪತ್ರದ ದಾರಿಯ ಬಗ್ಗೆ ಎರಡು ಮಾತು. ಪರಿಸರ ನಿರ್ವಹಣಾ ವ್ಯವಸ್ಥೆ ಎಂದ ಕೂಡಲೇ ಹಲವರಿಗೆ ನೆನಪಾಗುವುದು 1996ರಲ್ಲಿ ಬಂದ ಐಎಸ್‌ಒ 14001. ಈ ಮಾನದಂಡದ ಪ್ರಮಾಣಪತ್ರವನ್ನು 1998ರ ಜನವರಿಯಲ್ಲಿ ಜಪಾನಿನ ಶಿರೋಯ್ ಎಂಬ ಪಟ್ಟಣದ ಆಡಳಿತ ಪಡೆಯಿತು. ಆ ದೇಶದ ಸ್ಥಳೀಯ ಸಂಸ್ಥೆಗಳಲ್ಲಿ ಅದೇ ಮೊದಲು. ಕೆಲವೇ ವರ್ಷಗಳಲ್ಲಿ ನೂರಾರು ಊರುಗಳು ಹಿಂದೆ ಬಂದವು, ಆಮೇಲೆ ಅವುಗಳಲ್ಲಿ ಬಹಳಷ್ಟು ಖರ್ಚಿನ ಭಾರಕ್ಕೆ ನವೀಕರಣವನ್ನು ಕೈಬಿಟ್ಟವು. ಆ ಮಾನದಂಡ ಕೇಳುವುದು ಕಚೇರಿಯಲ್ಲಿ ಕ್ರಮ ಇದೆಯೇ ಎಂದು. ಊರಿನ ಕೆರೆ ತಿಳಿಯಾಯಿತೇ ಎಂದು ಅದು ಕೇಳುವುದಿಲ್ಲ. ಕಚೇರಿಯ ಕಾಗದ, ವಿದ್ಯುತ್ತು ಉಳಿದರೆ ಸಂತೋಷವೇ, ಆದರೆ ಪುರಸಭೆಯ ಹೊಣೆ ತನ್ನ ಕಟ್ಟಡದ ಗೋಡೆಗೆ ಮುಗಿಯುವುದಿಲ್ಲ.

ಈಗ ನಮ್ಮ ಮನೆಗೆ ಬರೋಣ. ಕರ್ನಾಟಕದ ಊರುಗಳಿಗೆ ವಿದೇಶಿ ಸಹಕಾರ ಹೊಸತಲ್ಲ. 1999ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಕರಾವಳಿ ಮತ್ತು ಅದರ ಆಸುಪಾಸಿನ ಹತ್ತು ಊರುಗಳಿಗಾಗಿ 17.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಮಂಗಳೂರು, ಉಳ್ಳಾಲ, ಪುತ್ತೂರು, ಉಡುಪಿ, ಕುಂದಾಪುರ, ಭಟ್ಕಳ, ಅಂಕೋಲಾ, ಕಾರವಾರ, ಶಿರಸಿ, ದಾಂಡೇಲಿ ಆ ಹತ್ತು. ಯೋಜನೆಯ ಹೆಸರಿನಲ್ಲೇ ಕರಾವಳಿ ಪರಿಸರ ನಿರ್ವಹಣೆ ಎಂಬ ಮಾತಿತ್ತು. ನೀರಿನ ಕೊಳವೆ, ಒಳಚರಂಡಿ, ಶುದ್ಧೀಕರಣ ಘಟಕಗಳು ಬಂದವು. ಅವು ಬೇಕಾಗಿದ್ದವು, ಸಂದೇಹವಿಲ್ಲ. ಆದರೆ ಮಂಗಳೂರಿನವರ ಬಾಯಲ್ಲಿ ‘ಮಿಸ್ಸಿಂಗ್ ಲಿಂಕ್’ ಎಂಬ ಮಾತು ವರ್ಷಗಟ್ಟಲೆ ಉಳಿಯಿತು. ಕೊಳವೆ ಕೊಳವೆಗೆ ಸೇರಬೇಕಾದಲ್ಲಿ ಸೇರದೆ ಉಳಿದ ಜಾಗಗಳು ಅವು. ಸಾಲ ಕೊಳವೆಯನ್ನು ತರುತ್ತದೆ. ಆ ಕೊಳವೆಯಲ್ಲಿ ಎಷ್ಟು ಹರಿಯಿತು, ಎಷ್ಟು ಶುದ್ಧವಾಯಿತು, ಎಷ್ಟು ರಾಜಕಾಲುವೆಗೆ ಬಿತ್ತು ಎಂದು ವರ್ಷ ವರ್ಷ ಕೇಳುವ ಅಭ್ಯಾಸವನ್ನು ಪುರಸಭೆ ತಾನೇ ಬೆಳೆಸಿಕೊಳ್ಳಬೇಕು.

ಹುಬ್ಬಳ್ಳಿ-ಧಾರವಾಡದ ಉದಾಹರಣೆ ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು. ಹಿಂದೆ ಅಲ್ಲಿನ ಪಾಲಿಕೆಯ ಕಸದ ಗುಂಡಿಗಳಲ್ಲಿ ಕೊಳೆತು ಗೊಬ್ಬರವಾದದ್ದನ್ನು ಹರಾಜು ಹಾಕುತ್ತಿದ್ದರು. ಸುತ್ತಲ ಹಳ್ಳಿಗಳ ರೈತರು ಬಂದು ಕೂಗಿ ಕೊಂಡು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಪಟ್ಟಣ ತಿಂದದ್ದು ಹೊಲಕ್ಕೆ ಮರಳುತ್ತಿತ್ತು. 1990ರ ದಶಕದಲ್ಲಿ ಕಸದೊಳಗೆ ಪ್ಲಾಸ್ಟಿಕ್ಕು, ಗಾಜು, ಸೂಜಿಗಳು ತುಂಬಿಕೊಂಡಂತೆ ಆರಿಸಿ ತೆಗೆಯುವ ಕೂಲಿಯೇ ಗೊಬ್ಬರಕ್ಕಿಂತ ದುಬಾರಿಯಾಯಿತು, ಹರಾಜು ಕಳೆಗುಂದಿತು. ಬ್ರಿಟನ್ನಿನ ಅಭಿವೃದ್ಧಿ ಇಲಾಖೆಯ ನೆರವಿನಲ್ಲಿ ಬರ್ಮಿಂಗ್‌ಹ್ಯಾಮ್ ಮೊದಲಾದ ವಿಶ್ವವಿದ್ಯಾಲಯಗಳೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸೇರಿ ಈ ಊರುಗಳ ಅಂಚಿನ ಬದುಕನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವು. ಕಸ ಬೇರ್ಪಡಿಸುವುದು, ಎರೆಗೊಬ್ಬರ, ರೈತರ ಬೇಡಿಕೆ ಎಲ್ಲದರ ಬಗ್ಗೆಯೂ ಒಳ್ಳೆಯ ಕೆಲಸ ಅದು. ನನ್ನ ಕೊರಗು ಒಂದೇ. ಪಾಲುದಾರಿಕೆ ನಡೆದದ್ದು ಮುಖ್ಯವಾಗಿ ವಿಶ್ವವಿದ್ಯಾಲಯಗಳ ನಡುವೆ. ಅದರ ಫಲ ಪ್ರಬಂಧಗಳಲ್ಲಿ ಕೂತಿತು, ಪಾಲಿಕೆಯ ಆಯವ್ಯಯದ ಸಾಲಾಗಲಿಲ್ಲ.

ಹಾಗಾದರೆ ನಮ್ಮ ಪುರಸಭೆಗಳಿಗೆ ಇದು ಕೈಗೆಟುಕದ್ದೇ? ಖಂಡಿತ ಅಲ್ಲ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಎಂಟನೆಯದು ನಗರ ಅರಣ್ಯ ಮತ್ತು ಪರಿಸರ ರಕ್ಷಣೆ. ಅಂದರೆ ಪರಿಸರ ರಕ್ಷಣೆ ಪುರಸಭೆಯ ಕೆಲಸವೆಂದು ಸಂವಿಧಾನವೇ ಗುರುತಿಸಿ ಮೂವತ್ತು ವರ್ಷ ದಾಟಿತು. ನೆರೆಯ ಮಹಾರಾಷ್ಟ್ರದಲ್ಲಿ ಪಾಲಿಕೆಯ ಆಯುಕ್ತರು ಪ್ರತಿವರ್ಷ ಜುಲೈ 31ರೊಳಗೆ ಪರಿಸರ ಸ್ಥಿತಿಗತಿಯ ವರದಿಯನ್ನು ಸಭೆಯ ಮುಂದಿಡಬೇಕೆಂದು ಕಾನೂನೇ ಇದೆ. ವರದಿಗೂ ಆಯವ್ಯಯಕ್ಕೂ ದೂರವಿದೆ. ವರದಿ ಆದದ್ದನ್ನು ಹೇಳುತ್ತದೆ, ಆಯವ್ಯಯ ಆಗಬೇಕಾದದ್ದಕ್ಕೆ ಕಟ್ಟುಹಾಕುತ್ತದೆ. ಆದರೂ ಅದೊಂದು ಹೆಜ್ಜೆ.

ನಮಗೂ ಒಂದು ಬಲವಿದೆ. 2006ರ ಕರ್ನಾಟಕ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಮೂಲಕ ನಮ್ಮ ಪುರಸಭೆಗಳು ಹಳೆಯ ನಗದು ಪುಸ್ತಕ ಬಿಟ್ಟು ಎರಡು ನಮೂದಿನ ನಿಧಿ ಆಧಾರಿತ ಲೆಕ್ಕಕ್ಕೆ ಹೊರಳಿದವು. ಆ ಬದಲಾವಣೆ ಕಷ್ಟದ್ದಾಗಿತ್ತು, ಆದರೂ ಆಯಿತು. ಹಣದ ಲೆಕ್ಕ ಬದಲಿಸಿಕೊಂಡ ಕಚೇರಿ ನೀರಿನ ಲೆಕ್ಕವನ್ನೂ ಶುರುಮಾಡಬಲ್ಲದು. ಅಂಕಿಗಳು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ವೀಕ್ಷಣಾ ಬಾವಿಗಳ ಮಟ್ಟ ಅಳೆಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ನದಿ, ಕೆರೆಗಳ ನೀರು ಪರೀಕ್ಷಿಸುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಪ್ರತಿ ಸ್ಥಳೀಯ ಸಂಸ್ಥೆಯಿಂದಲೂ ಕಸದ ವಾರ್ಷಿಕ ವರದಿ ಕೇಳಿದವು. ಅಂಕಿಗಳಿವೆ, ಬೇರೆ ಬೇರೆ ಬೀರುಗಳಲ್ಲಿವೆ. ಒಂದು ಹಾಳೆಯ ಮೇಲೆ ಒಟ್ಟಿಗೆ ಬಂದು ಸದಸ್ಯರ ಮುಂದೆ ಕೂರುವುದಿಲ್ಲ.

ಸದಸ್ಯರ ಮುಂದೆ ಎಂದೆ. ಸದಸ್ಯರೇ ಇಲ್ಲದಿದ್ದರೆ? ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಆಳ್ವಿಕೆ ನಡೆಯಿತು. ಆಡಳಿತಾಧಿಕಾರಿ ದಕ್ಷರಿರಬಹುದು, ಆದರೆ ಗುರಿ ತಪ್ಪಿದಾಗ ಅವರನ್ನು ಎದ್ದುನಿಂತು ಕೇಳುವ ಸಭೆ ಇರುವುದಿಲ್ಲ. ಮುಂದಿನ ವರ್ಷ ಅವರೇ ಇರುವುದಿಲ್ಲ. ನಾನು ಹೇಳಿದ ಹೊರದೇಶದ ಊರುಗಳಲ್ಲಿ, ವೆಕ್ಷೋದಿಂದ ಸುರಬಾಯಾದವರೆಗೆ, ಈ ಕೆಲಸ ಬೇರೂರಿದ್ದು ಮತ ಕೇಳಬೇಕಾದವರ ಕೈಯಲ್ಲಿ. ಸ್ಥಳೀಯ ಚುನಾವಣೆಯನ್ನು ಮುಂದೂಡುವುದು ಪರಿಸರಕ್ಕೆ ಮಾಡುವ ನೇರ ಹಾನಿ. ಇದು ನನ್ನ ದೃಢವಾದ ಅಭಿಪ್ರಾಯ.

ಈ ಸಭೆಯಲ್ಲಿ ಪುರಸಭೆಯ ಹಾಲಿ, ಮಾಜಿ ಸದಸ್ಯರಿದ್ದೀರಿ, ಮುಖ್ಯಾಧಿಕಾರಿಗಳಿದ್ದೀರಿ, ಕಾಲೇಜಿನ ಮಕ್ಕಳಿದ್ದೀರಿ. ಆಯವ್ಯಯಕ್ಕೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುವ ರೂಢಿ ನಮ್ಮಲ್ಲಿದೆ. ಹೆಚ್ಚಿನ ಊರುಗಳಲ್ಲಿ ಆ ಸಭೆಗೆ ಹತ್ತಿಪ್ಪತ್ತು ಜನ ಬಂದು, ತಮ್ಮ ಓಣಿಯ ರಸ್ತೆ ಕೇಳಿ ಹೋಗುತ್ತಾರೆ. ಈ ಸಲ ನೀವು ಹೋಗಿ. ದೊಡ್ಡದೇನೂ ಕೇಳಬೇಡಿ. ಮೂರು ಸಾಲಿನ ಒಂದು ಹಾಳೆ ಕೇಳಿ: ಊರಿನ ಬಾವಿಗಳ ನೀರಿನ ಮಟ್ಟ, ಕೆರೆಗೆ ಬೀಳುವ ಕೊಳಚೆಯ ಪ್ರಮಾಣ, ಹೊಲಕ್ಕೆ ಮರಳದೆ ಗುಡ್ಡೆ ಸೇರುವ ಕಸದ ತೂಕ. ಹೋದ ವರ್ಷ ಎಷ್ಟು, ಬರುವ ವರ್ಷ ಎಷ್ಟಿರಬೇಕು ಎಂದು ಬರೆಸಿ, ಅದನ್ನು ಹಣದ ಆಯವ್ಯಯದ ಜೊತೆಯಲ್ಲೇ ಮತಕ್ಕೆ ಹಾಕಲು ಒತ್ತಾಯಿಸಿ. ವರ್ಷ ಮುಗಿದ ಮೇಲೆ ಮತ್ತೆ ಹೋಗಿ ಅದೇ ಹಾಳೆ ಕೇಳಿ.